ಆಟದ ಬಯಲಿನಿಂದ ನ್ಯಾಯಪೀಠಕ್ಕೆ: ಶ್ರೀ ಆಲನ್ ಪೇಜ್‌ರವರ ಜೀವಿತ

ಬಾಲಿಕೆಯರ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಮೇರಿಕಾ ದೇಶದ ಒಬ್ಬ ಚೆಂಡಾಟಗಾರರ ಚರಿತ್ರೆಗೆ ಎಡೆಯೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುವೆವು. ಪ್ರತಿವರ್ಷವೂ ಎರಡು ಬಗೆಯ ಪೋಷಕರು ನಮ್ಮಲ್ಲಿಗೆ ಬರುತ್ತಾರೆ. ‘ಆಟವೆಂದು ಹೊತ್ತು ಕಳೆದರೆ ಪಾಠ ಕೆಡುವದು, ನಮ್ಮ ಹುಡುಗಿಯನ್ನು ಆಟಕ್ಕೆ ಕಳುಹಿಸಬೇಡಿರಿ’ ಎಂಬವರು ಒಂದು ಬಗೆ. ‘ನಮ್ಮ ಹುಡುಗಿಯು ಪಂದ್ಯದಲ್ಲಿ ಬಹುಮಾನ ಗಳಿಸಿದ್ದಾಳೆ, ಗಣಿತದಲ್ಲಿ ನಾಲ್ಕು ಅಂಕಗಳು ಕಡಮೆಯಾದರೆ ಅದನ್ನು ದೊಡ್ಡದು ಮಾಡಬೇಡಿರಿ’ ಎಂಬವರು ಇನ್ನೊಂದು ಬಗೆ. ಬೇಡಿಕೆಗಳು ಬೇರೆಬೇರೆಯಾಗಿ ಕಂಡರೂ ಇಬ್ಬರ ಎಣಿಕೆಯೂ ಒಂದೇ: ಆಟವೂ ಓದೂ ಒಂದೇ ಮನೆಯಲ್ಲಿ ಬಾಳಲಾರದ ಸವತಿಯರು ಎಂಬದು. ಈ ಎಣಿಕೆಯು ಸರಿಯೋ ತಪ್ಪೋ ಎಂದು ವಿಚಾರಮಾಡುವದಕ್ಕೆ ಶ್ರೀ ಆಲನ್ ಪೇಜ್‌ರವರ ಜೀವಿತಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ನಾವು ಕಾಣೆವು.

ಮೊದಲು ಇವರು ಆಡಿದ ಆಟವೆಂಥದು ಎಂಬದನ್ನು ತಿಳಿಸಬೇಕು. ಅಮೇರಿಕಾದವರು ಇದನ್ನು ಫುಟ್‌ಬಾಲ್ ಎನ್ನುವರು. ಹೆಸರೊಂದೇ ಆದರೂ ನಮ್ಮ ಊರುಗಳಲ್ಲಿ ಹುಡುಗರು ಆಡುವ ಕಾಲ್ಚೆಂಡಾಟಕ್ಕೂ ಇದಕ್ಕೂ ಸಂಬಂಧವು ಅತ್ಯಲ್ಪ. ಚೆಂಡು ಗುಂಡಗಿರದೆ ಎರಡೂ ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಕಾಲಿನಿಂದ ಒದೆಯುವದಕ್ಕಿಂತ ಕೈಯಲ್ಲಿ ಹಿಡಿದು ಓಡುವದೂ ಎಸೆಯುವದೂ ಹೆಚ್ಚು. ಬಯಲಿನ ಉದ್ದವು ೧೦೦ ಗಜ. ಪಕ್ಷಕ್ಕೆ ೧೧ ಮಂದಿ. ಚೆಂಡುಳ್ಳ ಪಕ್ಷದವರಿಗೆ ನಾಲ್ಕು ಸರದಿಗಳುಂಟು. ಆ ನಾಲ್ಕರೊಳಗೆ ೧೦ ಗಜಗಳಷ್ಟು ಮುಂದುವರಿದರೆ ಹೊಸದಾಗಿ ನಾಲ್ಕು ಸರದಿಗಳು ದೊರೆಯುವವು. ಇಲ್ಲವಾದರೆ ಚೆಂಡು ಎದುರು ಪಕ್ಷದ ಪಾಲಾಗುವದು. ಹೀಗೆ ನೆಲವನ್ನು ಗಜಗಜವಾಗಿ ಗೆದ್ದುಕೊಳ್ಳುತ್ತಾ ಎದುರಾಳಿಗಳ ಕೊನೆಯ ಗೆರೆಯನ್ನು ದಾಟುವದೇ ಆಟದ ಗುರಿ. ವೃತ್ತಿಯಾಗಿ ಆಡುವ ತಂಡಗಳಲ್ಲಿ ಮುನ್ನುಗ್ಗುವ ೧೧ ಮಂದಿ ಬೇರೆ, ತಡೆಯುವ ೧೧ ಮಂದಿ ಬೇರೆ. ಚೆಂಡು ಕೈಬದಲಾದಾಗಲೆಲ್ಲಾ ಬಯಲಿನಲ್ಲಿ ನಿಂತವರೂ ಬದಲಾಗುವರು.

ಪೇಜ್‌ರವರು ತಡೆಯುವ ಪಂಗಡಕ್ಕೆ ಸೇರಿದವರು. ಮುನ್ನುಗ್ಗುವ ಪಕ್ಷದಲ್ಲಿ ಚೆಂಡನ್ನು ಹಂಚುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನ ಮುಂದೆ ಐವರು ಮಹಾಕಾಯರು ಗೋಡೆಯಂತೆ ನಿಂತಿರುವರು. ಆ ಗೋಡೆಯ ನಡುಭಾಗಕ್ಕೆ ಎದುರಾಗಿ ನಿಂತು, ಅದನ್ನು ಭೇದಿಸಿ, ನಾಯಕನನ್ನಾಗಲಿ ಚೆಂಡು ಹಿಡಿದು ಓಡುವವನನ್ನಾಗಲಿ ಕೆಡಹುವವನೇ ಡಿಫೆನ್ಸಿವ್ ಟ್ಯಾಕಲ್ ಎಂಬ ರಕ್ಷಕನು. ಪೇಜ್‌ರವರ ಕೆಲಸವು ಇದೇ. ನಮ್ಮ ಕಬಡ್ಡಿಯಲ್ಲಿ ಉಸಿರು ಹಿಡಿದು ಒಳನುಗ್ಗಿದವಳ ಹೆಸರನ್ನು ಎಲ್ಲರೂ ಕೂಗುವರು. ಕೈಕೈ ಹಿಡಿದು ಅವಳನ್ನು ತಡೆದವರ ಹೆಸರನ್ನು ಕೂಗುವವರು ಕಡಮೆ. ಅಲ್ಲಿಯೂ ಹಾಗೆಯೇ. ಅಂಕ ಗಳಿಸಿದವನ ಭಾವಚಿತ್ರವು ಪತ್ರಿಕೆಗಳಲ್ಲಿ ಬರುವದು. ಅಂಕವಾಗದಂತೆ ದಾರಿ ಕಟ್ಟಿದವನ ಕೆಲಸವು ಲೆಕ್ಕಕ್ಕೇ ಬಾರದೆ ಹೋಗುವದು. ಚೆಂಡನ್ನು ಎಸೆಯುವದಕ್ಕೆ ಮುಂಚೆಯೇ ನಾಯಕನನ್ನು ಹಿಡಿದು ಕೆಡಹುವದಕ್ಕೆ ‘ಸ್ಯಾಕ್’ ಎನ್ನುವರು; ರಕ್ಷಕನಿಗೆ ಅದಕ್ಕಿಂತ ದೊಡ್ಡ ಸಾಧನೆಯು ವಿರಳ. ಆದರೂ ಈ ಆಟದ ರಾಷ್ಟ್ರೀಯ ಸಂಘವು ಆಟಗಾರರ ಸ್ಯಾಕ್‌ಗಳ ಅಧಿಕೃತ ಲೆಕ್ಕವನ್ನು ಇಡಲಾರಂಭಿಸಿದ್ದು ೧೯೮೨ರಲ್ಲಿ, ಅಂದರೆ ಪೇಜ್‌ರವರು ಆಟವನ್ನು ಬಿಟ್ಟ ಮರುವರ್ಷದಲ್ಲಿ.

ಆಲನ್ ಸೆಡ್ರಿಕ್ ಪೇಜ್‌ರವರು ೧೯೪೫ನೇ ಇಸವಿ ಆಗಸ್ಟ್ ೭ರಂದು ಓಹೈಯೊ ಸಂಸ್ಥಾನದ ಕ್ಯಾಂಟನ್ ಎಂಬ ಪಟ್ಟಣದಲ್ಲಿ ಕಪ್ಪು ವರ್ಣೀಯ ಮನೆತನದಲ್ಲಿ ಜನಿಸಿದರು. ಅದು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿಯ ಹುಡುಗರ ಮುಂದೆ ಕಾಣುತ್ತಿದ್ದ ಹಾದಿಯು ಶಾಲೆಯ ಬಾಗಿಲಿನಿಂದ ಕಾರ್ಖಾನೆಯ ಬಾಗಿಲಿಗೆ. ಬೆಳಗಿನಿಂದ ಸಂಜೆಯ ತನಕ ಒಂದೇ ಕೆಲಸವನ್ನು ಮಾಡುವ ಬಾಳು ತಮಗೆ ಬೇಡವೆಂದು ಈ ಹುಡುಗನಿಗೆ ಚಿಕ್ಕಂದಿನಲ್ಲಿಯೇ ಅನಿಸಿತು. ದೂರದರ್ಶನದಲ್ಲಿ ಪೆರಿ ಮೇಸನ್ ಎಂಬ ಕಲ್ಪಿತ ವಕೀಲನ ಕಥೆಗಳನ್ನು ನೋಡಿ ತಾವೂ ವಕೀಲರಾಗಬೇಕೆಂಬ ಆಶೆ ಹುಟ್ಟಿತು. ಮಕ್ಕಳ ಆಶೆಗಳು ಇಂಥ ಚಿಕ್ಕ ಕಿಡಿಗಳಿಂದಲೂ ಹೊತ್ತಿಕೊಳ್ಳುವದುಂಟು. ಆದರೆ ಅದಕ್ಕಿಂತ ಗಂಭೀರವಾದ ಕಾರಣವೂ ಒಂದಿತ್ತು. ೧೯೫೪ನೇ ಇಸವಿ ಮೇ ೧೭ರಂದು ಅಮೇರಿಕಾದ ಸರ್ವೋಚ್ಚ ನ್ಯಾಯಾಲಯವು, ಬಿಳಿಯ ಮಕ್ಕಳಿಗೊಂದು ಸರಕಾರಿ ಶಾಲೆ, ಕಪ್ಪು ಮಕ್ಕಳಿಗೊಂದು ಸರಕಾರಿ ಶಾಲೆ ಎಂಬ ಭೇದವು ರಾಜ್ಯಾಂಗಕ್ಕೆ ವಿರುದ್ಧವಾದದ್ದೆಂದು ತೀರ್ಪುಕೊಟ್ಟಿತು. ಆಗ ಈ ಬಾಲಕನಿಗೆ ಎಂಟು ವರ್ಷ ತುಂಬಿತ್ತು. ತಲೆಮಾರುಗಳಿಂದ ನಡೆದುಬಂದ ಅನ್ಯಾಯವನ್ನು ಕಾಗದದ ಮೇಲೆ ಬರೆದ ಮಾತುಗಳಿಂದ ಕಿತ್ತುಹಾಕಬಹುದೆಂಬ ತಿಳುವಳಿಕೆಯು ಅವರ ಮನಸ್ಸಿನಲ್ಲಿ ಬೇರೂರಿತು.

ಇದೇ ಕ್ಯಾಂಟನ್ ಪಟ್ಟಣದಲ್ಲಿ ೧೯೨೦ರಲ್ಲಿ ವೃತ್ತಿಪರ ಫುಟ್‌ಬಾಲ್ ತಂಡಗಳ ಸಂಘವು ಸ್ಥಾಪಿತವಾಗಿತ್ತು. ಆ ನೆನಪಿಗಾಗಿ ಆಟದ ಮಹನೀಯರನ್ನು ಗೌರವಿಸುವ ಕೀರ್ತಿಮಂದಿರವೊಂದನ್ನು ಅಲ್ಲಿ ಕಟ್ಟಿಸಿ ೧೯೬೩ರಲ್ಲಿ ತೆರೆದರು. ಅದೇ ವರ್ಷ ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದ ಪೇಜ್‌ರವರು ಆ ಕಟ್ಟಡದ ಕೆಲಸದಲ್ಲಿ ಕೂಲಿಯವರ ಜತೆಗೆ ದುಡಿದರು. ಮುಂದೆ ೧೯೮೮ರಲ್ಲಿ ಅದೇ ಮಂದಿರದಲ್ಲಿ ಅವರಿಗೆ ಸ್ಥಾನ ದೊರೆಯಿತು. ತಾನು ದುಡಿದು ಕಟ್ಟಿದ ಮನೆಯಲ್ಲಿ ತನ್ನ ಪ್ರತಿಮೆಯನ್ನೇ ಕಾಣುವ ಭಾಗ್ಯವು ಎಷ್ಟು ಜನಕ್ಕೆ ಬರುವದು!

ಅಲ್ಲಿಂದ ಅವರು ಇಂಡಿಯಾನಾ ಸಂಸ್ಥಾನದ ನೋಟರ್ ಡೇಮ್ ವಿಶ್ವವಿದ್ಯಾನಿಲಯವನ್ನು ಸೇರಿದರು. ೧೯೬೬ರಲ್ಲಿ ಆ ವಿದ್ಯಾನಿಲಯದ ತಂಡವು ದೇಶದ ಕಾಲೇಜುಗಳಲ್ಲೆಲ್ಲಾ ಪ್ರಥಮವೆನಿಸಿಕೊಂಡಿತು. ೧೯೬೭ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿಯನ್ನು ಪಡೆದರು. ಅದೇ ವರ್ಷ ಮಿನ್ನೆಸೋಟಾ ಸಂಸ್ಥಾನದ ವೈಕಿಂಗ್ಸ್ ಎಂಬ ವೃತ್ತಿಪರ ತಂಡವು ಇವರನ್ನು ಆರಿಸಿಕೊಂಡಿತು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್ ಮತ್ತು ಪೇಜ್ ಈ ನಾಲ್ವರು ಆ ತಂಡದ ಮುಂಚೂಣಿಯ ರಕ್ಷಕರು. ತಂಡದ ಉಡುಪಿನ ಬಣ್ಣವು ನೇರಿಳೆಯಾದದ್ದರಿಂದ ಜನರು ಇವರಿಗೆ ‘ನೇರಿಳೆ ಬಣ್ಣದ ನರಭಕ್ಷಕರು’ ಎಂದು ವಿನೋದದ ಹೆಸರನ್ನಿಟ್ಟರು. ಹೆಸರು ಹೇಗೇ ಇರಲಿ, ಪೇಜ್‌ರವರ ಬಲವಿದ್ದದ್ದು ದೇಹದ ಭಾರದಲ್ಲಲ್ಲ, ಚುರುಕಿನಲ್ಲಿ. ಚೆಂಡು ಅಲುಗಿದ ಕ್ಷಣದಲ್ಲಿಯೇ, ಎದುರಿನವನು ಮೈಯೆತ್ತಿ ನಿಲ್ಲುವದರೊಳಗಾಗಿ, ಇವರು ಅವನ ಪಕ್ಕದಿಂದ ನುಸುಳಿ ಹೋಗಿರುತ್ತಿದ್ದರು. ರಕ್ಷಕನೆಂದರೆ ಬಂದವನನ್ನು ತಡೆಯುತ್ತಾ ನಿಂತಲ್ಲೇ ನಿಲ್ಲುವವನಲ್ಲ, ತಾನೇ ಮುಂದಾಗಿ ಹೋಗಿ ಕೆಡುಕನ್ನು ಮೊಳಕೆಯಲ್ಲಿ ಹಿಡಿಯುವವನು ಎಂದು ಅವರ ಆಟವು ತೋರಿಸಿತು.

೧೯೭೧ರಲ್ಲಿ ಆ ವರ್ಷದ ಅತ್ಯಂತ ಬೆಲೆಯುಳ್ಳ ಆಟಗಾರರೆಂಬ ಪ್ರಶಸ್ತಿಯು ಇವರಿಗೆ ಬಂದಿತು. ಅಸೋಸಿಯೇಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆಯು ಕೊಡುವ ಈ ಪ್ರಶಸ್ತಿಯು ಅಂದಿನ ತನಕ ಚೆಂಡು ಹಿಡಿದು ಓಡುವವರಿಗೂ ಎಸೆಯುವವರಿಗೂ ಮೀಸಲೆಂಬಂತೆ ಇದ್ದಿತು. ತಡೆಯುವ ಪಕ್ಷದವರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ೧೯೬೮ರಿಂದ ೧೯೭೬ರ ವರೆಗೆ ಒಂಬತ್ತು ವರ್ಷ ಎಡೆಬಿಡದೆ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆರಿಸಲ್ಪಟ್ಟರು. ಹದಿನೈದು ವರ್ಷಗಳಲ್ಲಿ ೨೧೮ ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದರು. ಎಲುಬು ಮುರಿಯುವ ಈ ಆಟದಲ್ಲಿ ಇಂಥ ಹಾಜರಿಯು ಎಷ್ಟು ದೊಡ್ಡದೆಂದು ಹಾಜರಿ ಪುಸ್ತಕವನ್ನು ಬಲ್ಲ ನಮ್ಮ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾಗಿಲ್ಲ. ಇಷ್ಟಾದರೂ ಒಂದು ಹಣ್ಣು ಅವರ ಕೈಗೆ ಎಟುಕಲಿಲ್ಲ. ವೈಕಿಂಗ್ಸ್ ತಂಡವು ೧೯೭೦, ೧೯೭೪, ೧೯೭೫, ೧೯೭೭ ಈ ನಾಲ್ಕು ವರ್ಷಗಳಲ್ಲಿ ಸೂಪರ್ ಬೌಲ್ ಎಂಬ ಕಡೆಯ ಪಂದ್ಯವನ್ನು ಮುಟ್ಟಿ ನಾಲ್ಕರಲ್ಲಿಯೂ ಸೋತಿತು. ಗೆಲುವಿನ ಪದಕವಿಲ್ಲದವನು ದೊಡ್ಡವನಲ್ಲವೆಂಬ ಅಳತೆಯನ್ನು ಹಿಡಿದರೆ ಪೇಜ್‌ರವರನ್ನೇ ಹೊರಗಿಡಬೇಕಾದೀತು.

ಇನ್ನು ಮುಂದಿನದೇ ನಮ್ಮ ಓದುಗರು ಲಕ್ಷ್ಯವಿಟ್ಟು ಕೇಳಬೇಕಾದ ಭಾಗ. ವೃತ್ತಿಯ ಆಟವನ್ನಾರಂಭಿಸಿದ ಮೊದಲ ವರ್ಷಗಳಲ್ಲಿಯೇ ಪೇಜ್‌ರವರು ಒಂದು ನ್ಯಾಯಶಾಸ್ತ್ರದ ಕಾಲೇಜಿಗೆ ಸೇರಿ, ಕೆಲವೇ ವಾರಗಳಲ್ಲಿ ಬಿಟ್ಟುಬಿಟ್ಟರು. ಆ ಸೋಲನ್ನು ಅವರು ಕೊನೆಯ ಮಾತಾಗಿ ಭಾವಿಸಲಿಲ್ಲ. ನಡುವೆ ಆಟಗಾರರ ಸಂಘದಲ್ಲಿ ಪ್ರತಿನಿಧಿಯಾಗಿ ತಂಡಗಳ ಒಡೆಯರೊಡನೆ ಕರಾರುಗಳ ಮಾತುಕತೆಯನ್ನು ಕಂಡದ್ದರಿಂದ ಕಾಯಿದೆಯ ಬಲವೇನೆಂಬದು ಇನ್ನೂ ಚೆನ್ನಾಗಿ ತಿಳಿಯಿತು. ಕೀರ್ತಿಯು ತುಂಬಿ ತುಳುಕುತ್ತಿದ್ದ ಕಾಲದಲ್ಲಿಯೇ ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ಶಾಲೆಯನ್ನು ಸೇರಿ ೧೯೭೮ರಲ್ಲಿ ಪದವಿಯನ್ನು ಪಡೆದರು. ಆಟವನ್ನು ಬಿಟ್ಟು ಓದಿದ್ದಲ್ಲ, ಆಡುತ್ತಾ ಓದಿದ್ದು. ದೇಶವೇ ಹೆಸರು ಹಿಡಿದು ಕೂಗುತ್ತಿದ್ದ ಮನುಷ್ಯರೊಬ್ಬರು ಇನ್ನೂ ಹೆಸರು ಗಳಿಸದ ಎಳೆಯರ ನಡುವೆ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದರೆಂಬದನ್ನು ನಾವು ಸಾಧಾರಣವೆಂದು ಎಣಿಸಲಾರೆವು.

ಪದವಿ ಬಂದ ವರ್ಷದಲ್ಲಿಯೇ ಆಟದಲ್ಲಿ ಒಂದು ಪೆಟ್ಟು ಬಿದ್ದಿತು. ಪತ್ನಿ ಡಯಾನ್‌ರವರು ಧೂಮಪಾನವನ್ನು ಬಿಡುವದಕ್ಕೋಸ್ಕರ ಓಡುವ ಅಭ್ಯಾಸವನ್ನು ಆರಂಭಿಸಿದಾಗ ಪೇಜ್‌ರವರೂ ಜತೆಗೂಡಿದ್ದರು. ಓಟವು ಹಿಡಿಸಿತು, ಮೈ ಇಳಿಯಿತು. ಇಷ್ಟು ಹಗುರವಾದವರಿಂದ ರಕ್ಷಕನ ಕೆಲಸವಾಗದೆಂದು ವೈಕಿಂಗ್ಸ್ ತಂಡದವರು ೧೯೭೮ರ ಆಟದ ಕಾಲದ ನಡುವೆಯೇ ಇವರನ್ನು ಬಿಟ್ಟುಕೊಟ್ಟರು. ಶಿಕಾಗೊ ನಗರದ ಬೇರ್ಸ್ ತಂಡವು ನಿಯಮದ ಪ್ರಕಾರ ಸಲ್ಲಬೇಕಾದ ೧೦೦ ಡಾಲರುಗಳನ್ನು ಕೊಟ್ಟು ಇವರನ್ನು ತೆಗೆದುಕೊಂಡಿತು. ಕೆಲಸಕ್ಕೆ ಬಾರದವರೆಂದು ಬಿಟ್ಟವರ ಎಣಿಕೆಯು ತಪ್ಪೆಂಬಂತೆ ಪೇಜ್‌ರವರು ೧೯೮೧ರ ವರೆಗೆ ಅಲ್ಲಿ ಆಡಿದರು. ೧೯೭೯ರಲ್ಲಿ ಮ್ಯಾರಥಾನ್ ಎಂಬ ೨೬ ಮೈಲಿಗಳಿಗೂ ಮಿಕ್ಕಿದ ದೂರದ ಓಟವನ್ನು ಪೂರೈಸಿದರು. ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಆಡುತ್ತಿರುವಾಗಲೇ ಹಾಗೆ ಮಾಡಿದವರಲ್ಲಿ ಇವರೇ ಮೊದಲಿಗರು. ಅದೇ ವರ್ಷ ಮಿನಿಯಾಪೊಲಿಸ್ ನಗರದಲ್ಲಿ ವಕೀಲಿಯನ್ನೂ ಆರಂಭಿಸಿ, ಆಟವಿಲ್ಲದ ತಿಂಗಳುಗಳಲ್ಲಿ ಕಚೇರಿಗೆ ಹೋಗಿ ಕುಳಿತರು. ಆದದರಿಂದ ಆಟವು ಮುಗಿದ ದಿನ ಅವರಿಗೆ ಮುಂದೇನೆಂಬ ದಿಗಿಲು ಇರಲಿಲ್ಲ. ೧೯೮೫ರಿಂದ ಸಂಸ್ಥಾನದ ಸರಕಾರಿ ನ್ಯಾಯವಾದಿಗಳ ಇಲಾಖೆಯಲ್ಲಿ ಸೇವೆಮಾಡಿದರು.

೧೯೮೮ರಲ್ಲಿ ಕ್ಯಾಂಟನ್‌ನ ಕೀರ್ತಿಮಂದಿರಕ್ಕೆ ಸೇರಿಸಿಕೊಳ್ಳುವ ಸಮಾರಂಭವು ನಡೆಯಿತು. ಅಲ್ಲಿ ಸನ್ಮಾನಿತರನ್ನು ಸಭೆಗೆ ಪರಿಚಯಿಸುವವರನ್ನು ಸನ್ಮಾನಿತರೇ ಆರಿಸಿಕೊಳ್ಳುವ ಪದ್ಧತಿಯುಂಟು. ಸಾಮಾನ್ಯವಾಗಿ ತಮ್ಮ ಹಳೆಯ ತರಬೇತುದಾರರನ್ನೋ ಜತೆಯ ಆಟಗಾರರನ್ನೋ ಕರೆಯುವರು. ಪೇಜ್‌ರವರು ಕರೆದದ್ದು ವಿಲರೀನ್ ಬೀಸ್ಲಿ ಎಂಬ, ಮಿನಿಯಾಪೊಲಿಸ್ ನಗರದ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯವರನ್ನು! ಈ ಸಂಗತಿಯನ್ನು ಓದಿದಾಗ ನಮಗೆ ಆದ ಸಂತೋಷವನ್ನು ಓದುಗರು ಊಹಿಸಿಕೊಳ್ಳಬಹುದು. ಆದರೆ ಆ ಸಭೆಯಲ್ಲಿ ಪೇಜ್‌ರವರು ಆಡಿದ ಮಾತುಗಳು ನಮ್ಮಂಥ ಉಪಾಧ್ಯಾಯರ ಸಂತೋಷವನ್ನು ಹೆಚ್ಚಿಸುವಂಥವಲ್ಲ, ಎಚ್ಚರಿಸುವಂಥವು. ತಮ್ಮ ಪಂದ್ಯಗಳ ಕಥೆಯನ್ನು ಹೇಳದೆ ಅವರು ವಿದ್ಯೆಯ ವಿಷಯವಾಗಿಯೇ ಮಾತನಾಡಿದರು. ತಾವು ಆಡುತ್ತಿದ್ದ ಕಾಲದಲ್ಲಿ ಒಮ್ಮೆ, ಆಟದ ಹೂಟಗಳನ್ನು ಬರೆದಿಟ್ಟ ಪುಸ್ತಕವನ್ನು ಗಟ್ಟಿಯಾಗಿ ಓದಬೇಕೆಂದು ಆಟಗಾರರಿಗೆ ಹೇಳಿದಾಗ, ಅವರಲ್ಲಿ ಕೆಲವರಿಗೆ ಓದಲು ಬಾರದೆಂಬದು ಬಯಲಾಯಿತೆಂದು ತಿಳಿಸಿದರು. ಅವರು ಪ್ರೌಢಶಾಲೆಯನ್ನೂ ಕಾಲೇಜನ್ನೂ ದಾಟಿ ಬಂದ ಗಂಡಸರು!

ಇದು ಹೇಗಾಯಿತು? ಆ ಹುಡುಗರಿಗೆ ಬುದ್ಧಿಯಿರಲಿಲ್ಲವೇ? ಇದ್ದಿತು, ಆ ಆಟದ ತೊಡಕಾದ ಹೂಟಗಳನ್ನೆಲ್ಲಾ ಅವರು ಕೇಳಿಯೇ ಮನನಮಾಡಿಕೊಂಡಿದ್ದರು. ಅವರಿಗೆ ಕೇಡಾದದ್ದು ಸುತ್ತಲಿನವರ ಮೆಚ್ಚಿಕೆಯಿಂದ. ಹುಡುಗನು ಚೆನ್ನಾಗಿ ಆಡುವನೆಂದು ಒಬ್ಬ ಉಪಾಧ್ಯಾಯರು ಅವನನ್ನು ಮೇಲಿನ ತರಗತಿಗೆ ತಳ್ಳಿದರು. ಶಾಲೆಗೆ ಹೆಸರು ತರುವನೆಂದು ಇನ್ನೊಬ್ಬರು ಕಣ್ಣುಮುಚ್ಚಿಕೊಂಡರು. ಮುಂದೆ ಹಣ ಗಳಿಸುವನೆಂದು ಮನೆಯವರು ಸುಮ್ಮನಾದರು. ಪ್ರತಿಯೊಬ್ಬರೂ ಉಪಕಾರಮಾಡುವೆವೆಂದೇ ನೆನಸಿದರು. ಎಲ್ಲರ ಉಪಕಾರಗಳೂ ಕೂಡಿ ಅವನನ್ನು ಅಕ್ಷರವಿಲ್ಲದವನನ್ನಾಗಿ ಮಾಡಿದವು. ಆಟವು ಮೂವತ್ತನೆಯ ವಯಸ್ಸಿನ ಆಚೀಚೆಗೆ ಮುಗಿದುಹೋಗುವದು. ಬಾಳು ಅದರ ಮೇಲೂ ನಲವತ್ತು ವರ್ಷ ಉಳಿದಿರುವದು. ಒಂದು ಗುಣವನ್ನು ಹೊಗಳುವ ಭರದಲ್ಲಿ ಮಿಕ್ಕದ್ದನ್ನೆಲ್ಲಾ ಮನ್ನಿಸಿಬಿಡುವ ಪ್ರೀತಿಯು ಪ್ರೀತಿಯೇ ಅಲ್ಲ. ಇದು ಆಟಕ್ಕೆ ಮಾತ್ರ ಸಲ್ಲುವ ಮಾತೂ ಅಲ್ಲ. ಇಂಪಾಗಿ ಹಾಡುವ ಹುಡುಗಿಗೂ, ಮನೆಗೆಲಸದಲ್ಲಿ ಜಾಣೆಯಾದ ಹುಡುಗಿಗೂ, ತರಗತಿಗೆ ಮೊದಲಿಗಳಾಗಿ ಬಂದು ಒಂದು ಫರ್ಲಾಂಗು ನಡೆದರೆ ಏದುಸಿರು ಬಿಡುವ ಹುಡುಗಿಗೂ ಸಲ್ಲುವದು.

ಪೇಜ್‌ರವರು ಮಾತಿನಲ್ಲಿಯೇ ನಿಲ್ಲಲಿಲ್ಲ. ೧೯೮೮ರಲ್ಲಿಯೇ ಪತ್ನಿಯೊಡಗೂಡಿ ಪೇಜ್ ವಿದ್ಯಾನಿಧಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಿನ್ನೆಸೋಟಾದ ಕಪ್ಪು ವರ್ಣೀಯರೇ ಮುಂತಾದ ಜನಾಂಗಗಳ ವಿದ್ಯಾರ್ಥಿಗಳಿಗೆ ಉನ್ನತ ವ್ಯಾಸಂಗಕ್ಕಾಗಿ ಇದು ಧನಸಹಾಯ ಮಾಡುವದು. ಇದರ ನಿಬಂಧನೆಯು ವಿಶೇಷವಾದದ್ದು. ಸಹಾಯ ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ೫೦ ಗಂಟೆಗಳಷ್ಟಾದರೂ ತನಗಿಂತ ಚಿಕ್ಕ ಮಕ್ಕಳ ಬಳಿಗೆ ಹೋಗಿ ಅವರ ಓದಿಗೆ ನೆರವಾಗಬೇಕು. ಹಣವನ್ನು ಹಿಂದಕ್ಕೆ ಕೊಡಬೇಕಾಗಿಲ್ಲ, ಕಲಿತದ್ದನ್ನು ಕೊಡಬೇಕು. ಕಾಲೇಜಿನಲ್ಲಿ ಓದುವ ತನ್ನವರೇ ಆದ ಅಣ್ಣನನ್ನೋ ಅಕ್ಕನನ್ನೋ ಪಕ್ಕದಲ್ಲಿ ಕಂಡ ಮಗುವಿಗೆ ತಾನೂ ಅಲ್ಲಿಗೆ ಹೋಗಬಹುದೆಂಬ ಧೈರ್ಯವು ತಾನಾಗಿಯೇ ಬರುವದು. ಈ ವಿಧದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನೆರವು ದೊರೆತಿದೆ.

ನ್ಯಾಯಪೀಠದ ಕಥೆಯೂ ಸುಲಭವಾದದ್ದಲ್ಲ. ಮಿನ್ನೆಸೋಟಾದಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರು ಮತದಾರರ ಮುಂದೆ ನಿಂತು ಗೆಲ್ಲಬೇಕು. ೧೯೯೨ರಲ್ಲಿ ಪೇಜ್‌ರವರು ಒಂದು ಸ್ಥಾನಕ್ಕೆ ಸ್ಪರ್ಧಿಸಲು ಮುಂದಾದಾಗ, ಆ ಸ್ಥಾನದಲ್ಲಿದ್ದವರ ಅವಧಿಯನ್ನು ಗವರ್ನರರು ಮುಂದುವರಿಸಿದ್ದರಿಂದ ಚುನಾವಣೆಯೇ ಇಲ್ಲದಂತಾಯಿತು. ಪೇಜ್‌ರವರು ಇದನ್ನು ಪ್ರಶ್ನಿಸಿ ದಾವೆಹೂಡಿದರು. ತಮ್ಮ ಪೀಠದ ಸಂಗತಿಯನ್ನು ತಾವೇ ತೀರ್ಮಾನಿಸಬಾರದೆಂದು ಆ ನ್ಯಾಯಾಧೀಶರು ಹಿಂದೆ ಸರಿದದ್ದರಿಂದ, ಅವರಿಗೆ ಬದಲಾಗಿ ಕುಳಿತ ಬೇರೆ ನ್ಯಾಯಾಧೀಶರು ವಿಚಾರಿಸಿ, ಚುನಾವಣೆಯು ನಡೆಯತಕ್ಕದ್ದೆಂದು ತೀರ್ಪಿತ್ತರು. ಪೇಜ್‌ರವರು ಗೆದ್ದು ೧೯೯೩ರ ಜನವರಿಯಲ್ಲಿ ಪೀಠವನ್ನೇರಿದರು. ಆ ನ್ಯಾಯಾಲಯದಲ್ಲಿ ಕುಳಿತ ಕಪ್ಪು ವರ್ಣೀಯರಲ್ಲಿ ಇವರೇ ಮೊದಲಿಗರು. ೧೯೯೮, ೨೦೦೪, ೨೦೧೦ ಈ ವರ್ಷಗಳಲ್ಲಿ ಜನರು ಇವರನ್ನೇ ಮತ್ತೆ ಆರಿಸಿದರು. ಎಪ್ಪತ್ತನೆಯ ವಯಸ್ಸಿಗೆ ನ್ಯಾಯಾಧೀಶರು ನಿವೃತ್ತರಾಗಬೇಕೆಂಬ ಕಾಯಿದೆಯಂತೆ ೨೦೧೫ರ ಆಗಸ್ಟ್ ತಿಂಗಳಲ್ಲಿ ಪೀಠದಿಂದಿಳಿದರು. ಆಟವಾಡಿದ್ದು ಹದಿನೈದು ವರ್ಷ. ನ್ಯಾಯಾಧೀಶರಾಗಿದ್ದದ್ದು ಇಪ್ಪತ್ತೆರಡು ವರ್ಷಗಳಿಗೆ ಮೇಲ್ಪಟ್ಟು. ಯಾವದು ಅವರ ಮುಖ್ಯ ಉದ್ಯೋಗವೆಂದು ಓದುಗರೇ ಹೇಳಲಿ.

ಆಟವು ಅವರ ಮೈಮೇಲೆ ಒಂದು ಗುರುತನ್ನು ಉಳಿಸಿತು. ಪೆಟ್ಟು ತಿಂದ ಕಿರುಬೆರಳೊಂದು ಮಿಕ್ಕ ಬೆರಳುಗಳಿಗೆ ಅಡ್ಡಲಾಗಿ ಹೊರಕ್ಕೆ ಬಾಗಿ ನಿಂತುಬಿಟ್ಟಿದೆ. ಶಾಲೆಗಳಿಗೆ ಹೋದಲ್ಲೆಲ್ಲಾ ಮಕ್ಕಳ ಕಣ್ಣು ಮೊದಲು ಬೀಳುವದು ಆ ಬೆರಳಿನ ಮೇಲೆಯೇ. ಅದನ್ನು ಮುಚ್ಚಿಟ್ಟುಕೊಳ್ಳುವ ಬದಲು ೨೦೧೩ರಲ್ಲಿ ಮಗಳಾದ ಕೇಮಿಯವರೊಡನೆ ಆ ಬೆರಳಿನ ವಿಷಯವಾಗಿಯೇ ಒಂದು ಮಕ್ಕಳ ಪುಸ್ತಕವನ್ನು ಬರೆದು, ಮಕ್ಕಳ ಕುತೂಹಲವನ್ನೇ ಓದಿನ ಕಡೆಗೆ ತಿರುಗಿಸಿದರು.

೨೦೧೭ರಲ್ಲಿ ಮಿನಿಯಾಪೊಲಿಸ್ ನಗರದ ಒಂದು ಮಾಧ್ಯಮಿಕ ಶಾಲೆಗೆ ಇವರ ಹೆಸರನ್ನಿಟ್ಟರು. ಅದಕ್ಕೆ ಮುಂಚೆ ಆ ಶಾಲೆಯು ಅಲೆಗ್ಸಾಂಡರ್ ರ್‍ಯಾಮ್ಸೀ ಎಂಬವರ ಹೆಸರನ್ನು ಹೊತ್ತಿತ್ತು. ಅವರು ೧೮೬೨ರಲ್ಲಿ ಸಂಸ್ಥಾನದ ಗವರ್ನರರಾಗಿದ್ದು, ಆ ನೆಲದ ಮೂಲನಿವಾಸಿಗಳಾದ ಡಕೋಟಾ ಜನರನ್ನು ನಿರ್ಮೂಲಮಾಡಬೇಕು, ಇಲ್ಲವೇ ಗಡಿಯಾಚೆಗೆ ಅಟ್ಟಬೇಕು ಎಂದು ಸಾರಿದವರು. ಈ ಚರಿತ್ರೆಯನ್ನು ತಿಳಿದ ಆ ಶಾಲೆಯ ಮಕ್ಕಳೇ ಹೆಸರಿನ ಬದಲಾವಣೆಗಾಗಿ ಮುಂದೆ ಬಂದರು. ೨೦೧೮ರ ಸೆಪ್ಟೆಂಬರ್ ತಿಂಗಳಲ್ಲಿ ಶ್ರೀಮತಿ ಡಯಾನ್‌ರವರು ತೀರಿಕೊಂಡರು. ಆ ವರ್ಷದ ನವೆಂಬರ್ ತಿಂಗಳಲ್ಲಿ ದೇಶದ ಅಧ್ಯಕ್ಷರು ಪೇಜ್‌ರವರಿಗೆ ಸ್ವಾತಂತ್ರ್ಯ ಪದಕವೆಂಬ ಅತ್ಯುನ್ನತ ನಾಗರಿಕ ಗೌರವವನ್ನು ಕೊಟ್ಟರು. ೨೦೨೦ರಲ್ಲಿ, ಉತ್ತಮವಾದ ವಿದ್ಯೆಯು ಪ್ರತಿಯೊಂದು ಮಗುವಿನ ಮೂಲಭೂತ ಹಕ್ಕೆಂದು ಸಂಸ್ಥಾನದ ರಾಜ್ಯಾಂಗದಲ್ಲಿಯೇ ಬರೆಯಬೇಕೆಂಬ ಸೂಚನೆಯನ್ನು ಮುಂದಿಟ್ಟವರಲ್ಲಿಯೂ ಇವರು ಒಬ್ಬರು.

ಆಟವು ಓದಿಗೆ ಶತ್ರುವೆಂಬ ತಾಯಿತಂದೆಗಳಿಗೆ ನಾವು ಹೇಳುವದಿಷ್ಟು: ಬಯಲಿನಲ್ಲಿ ೨೧೮ ಪಂದ್ಯಗಳನ್ನು ತಪ್ಪಿಸದೆ ನಿಂತ ಸ್ಥೈರ್ಯವೇ, ಒಮ್ಮೆ ಬಿಟ್ಟ ಓದನ್ನು ಮತ್ತೆ ಹಿಡಿದು ಮುಗಿಸಿತು. ಆಟದ ಬಹುಮಾನವು ಓದಿಗೆ ಬದಲಾಗಬಹುದೆಂಬವರಿಗೆ ಹೇಳುವದೂ ಇಷ್ಟೇ: ನಿಮ್ಮ ಮಗಳು ಗೆದ್ದು ತಂದ ಬಟ್ಟಲನ್ನು ನಾವು ಸಂತೋಷದಿಂದ ಬೀರುವಿನಲ್ಲಿಡುವೆವು, ಆದರೆ ಅದರ ಹೆಸರಿನಲ್ಲಿ ಅವಳ ಲೆಕ್ಕದ ಪುಸ್ತಕವನ್ನು ಮುಚ್ಚಲೊಪ್ಪೆವು. ನಮ್ಮ ಶಾಲೆಯಿಂದ ಹೊರಗೆ ಹೋದ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ವರ್ಷಕ್ಕೆ ೫೦ ಗಂಟೆಯೆಂದರೆ ವಾರಕ್ಕೆ ಒಂದು ಗಂಟೆಯೂ ಪೂರ್ತಿಯಾಗದು. ನೀವಿರುವ ಬೀದಿಯಲ್ಲಿ ಓದುವದಕ್ಕೆ ತಡವರಿಸುವ ಮಗು ಒಂದಾದರೂ ಇದ್ದೀತು. ಆ ಮಗುವಿನ ಪಕ್ಕದಲ್ಲಿ ಆ ಒಂದು ಗಂಟೆ ಕುಳಿತುಕೊಳ್ಳಿರಿ.